ಮದುವೆಗೆ ಹೋದ ಮ್ಯೂಸಿಯಂ

ಟೀಚರ್ ತೀರಿಕೊಂಡರೆಂದು ದೆಹಲಿಯ ದ್ವಾರಕೆಯಿಂದ ಫೋನು ಬಂದಾಗ ನಾನು ನೋಯ್ಡಾದ ಮನೆಯಲ್ಲಿ ಕಾಲೇಜಿಗೆ ಹೊರಟು ನಿಂತಿದ್ದೆ. ಫೋನು ಇಟ್ಟ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಉಟ್ಟ ಸೀರೆಯ ಅಂಚನ್ನು ಮಗುಚಿ ಹಿಂಬದಿ ನೋಡಿಕೊಂಡದ್ದು. ಒಂದು ಕಡೆ ಫಾಲಿನ ಹೊಲಿಗೆ ಬಿಟ್ಟಿತ್ತು. ಅಳು ಬಂದದ್ದು ಆಮೇಲೆ.

ಅವರನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಬಟ್ಟೆ ಎನ್ನುವುದು ಕಣ್ಣಿಗೆ ಬಿದ್ದರೆ ಅದರ ಹಿಂಬದಿ ನೋಡದೆ ಬಿಡುವ ಜಾಯಮಾನ ಅವರದಲ್ಲ. ಮೆಟ್ರೋ ದ್ವಾರಕೆಗೆ ಬಂದ ಹೊಸತರಲ್ಲಿ ಒಮ್ಮೆ ಇಬ್ಬರೂ ಕರೋಲ್ ಬಾಗಿಗೆ ಹೊರಟಿದ್ದೆವು. ಎದುರಿಗೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಕಸೂತಿಯ ದುಪಟ್ಟಾ ಹೊದ್ದು ಕೂತಿದ್ದಳು. ಟೀಚರ್ ಎದ್ದು ಹೋಗಿ ಅವಳ ಪಕ್ಕ ಕೂತು ದುಪಟ್ಟಾದ ತುದಿಯನ್ನು ಮಗುಚಿದರು. "ಬೇಟೀ, ಇದು ಆಪ್ ಮಾಡಿದ್ದಾ?" ಎಂದು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಕೇಳಿದರು. ಬಾಜಾರಿನದು ಎಂದಳು ಹುಡುಗಿ. "ಅಚ್ಛಾ, ಅದಕ್ಕೇ ಹೀಗೆ" ಎಂದವರೇ ಸೆರಗಿಗೆ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿ ತೆಗೆದು ರಿಪೇರಿಗೆ ಕೂತರು. ಹುಡುಗಿ ಇಳಿಯಬೇಕಾದ ಸ್ಟೇಷನ್ ಬಂತು, ಹೋಯಿತು. ದುಪಟ್ಟಾ ಟೀಚರ ಕೈಯಲ್ಲಿದ್ದುದರಿಂದ ಅವಳು ಇಳಿಯುವ ಹಾಗಿರಲಿಲ್ಲ. ಕೊನೆಗೆ ನಮ್ಮ ಜೊತೆ ಕರೋಲ್ ಬಾಗಿನಲ್ಲಿ ಇಳಿದು, ಥ್ಯಾಂಕ್ಯೂ ಹೇಳಿ, ವಾಪಸ್ಸು ಹೋಗುವ ರೈಲು ಹಿಡಿದಳು.

"ಮುಂಬದಿ ನೆಂಟರಿಗೆ, ಹಿಂಬದಿ ದೇವರಿಗೆ" ಎನ್ನುವುದು ಅವರ ಮಾತು. ಅವರು ಮಂಗಳೂರು ಕಡೆಯ ಕ್ರೈಸ್ತರು. ಪ್ರತಿ ಭಾನುವಾರ ಚರ್ಚಿಗೆ ಹೋಗುವವರು. ಪೂಜೆ ಮುಗಿದ ಮೇಲೆ ಒಂದು ದಿನ ಪೀಠದ ಹೊದಿಕೆಯನ್ನೂ ಮಗುಚಿ ನೋಡಿ ಪಾದ್ರಿಗಳಿಗೆ, "ಫಾದರ್, ನಮಗೆ ಕಾಣುದಿಲ್ಲ, ಆದರೆ ಆ ಕಡೆಯಿಂದ ನೋಡುವವನಿಗೆ ಗಂಟೆಲ್ಲ ಕಾಣ್ತದೆ" ಎಂದರಂತೆ. ಫಾದರ್ ಹೊದಿಕೆಯನ್ನು ಅವರ ಕೈಗೇ ಕೊಟ್ಟು ಕಳಿಸಿದರು. ಮುಂದಿನ ಭಾನುವಾರ ಅದು ಸುತ್ತಲೂ ಲೇಸು ತೊಟ್ಟು ಮರಳಿತು.

ಲೇಸು ಅವರ ಪ್ರಾಣ. ಕ್ರೋಶಾ ಕಡ್ಡಿ ಹಿಡಿದರೆ ಊಟದ ನೆನಪಿಲ್ಲ. ದೆಹಲಿಯ ಹೆಣ್ಣುಮಕ್ಕಳ ಸರ್ಕಾರಿ ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿ ನಿವೃತ್ತರಾಗಿ, ದ್ವಾರಕೆಯ ಸೊಸೈಟಿಯೊಂದರ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಹಾವೇರಿಯಿಂದ ಬಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ್ದ ನಾನು ಕೆಲವು ವರ್ಷ ಅವರ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದೆ. ಆ ಮನೆಯಲ್ಲಿ ಬೆತ್ತಲೆಯಾದ ವಸ್ತು ಒಂದೂ ಇರಲಿಲ್ಲ. ಟೀವಿಗೆ ಲೇಸಿನ ಮುಸುಕು, ಫೋನಿಗೆ ಕುಲಾವಿ, ಮಿಕ್ಸಿಗೆ ಅಂಗಿ. ಗ್ಯಾಸ್ ಸಿಲಿಂಡರಿಗೆ ಹಾಕಿದ್ದ ನೆರಿಗೆಯ ಲಂಗ ಎಷ್ಟು ಚೆನ್ನಾಗಿತ್ತೆಂದರೆ, ಖಾಲಿ ಸಿಲಿಂಡರ್ ಒಯ್ಯಲು ಬಂದ ಭಯ್ಯಾ ಅದನ್ನು ಮುಟ್ಟಲು ಸಂಕೋಚಪಟ್ಟು, "ಆಂಟೀಜೀ, ಪೆಹಲೇ ಆಪ್ ಉತಾರ್ ದೀಜಿಯೇ" ಎಂದು ಬಿಚ್ಚುವ ಕೆಲಸ ಅವರಿಗೇ ಬಿಟ್ಟು ಗೋಡೆಯ ಕಡೆ ತಿರುಗಿ ನಿಂತ. ನಾನು ಲ್ಯಾಪ್‌ಟಾಪ್ ಕೊಂಡ ವಾರದೊಳಗೆ ಅದಕ್ಕೂ ಗುಂಡಿಯ ಜಾಕೀಟು ಬಂತು. ಕಾಲೇಜಿನಲ್ಲಿ ನಾನು ಅದರ ಗುಂಡಿ ಬಿಚ್ಚುವುದನ್ನು ನೋಡಲು ಪಕ್ಕದ ಡಿಪಾರ್ಟ್‌ಮೆಂಟಿನವರೂ ಬರುತ್ತಿದ್ದರು.

ಮದುವೆ ಯಾಕಾಗಲಿಲ್ಲವೆಂದು ಒಮ್ಮೆ ಧೈರ್ಯಮಾಡಿ ಕೇಳಿದ್ದೆ. "ಅಳತೆ ತೆಗೆಯುವಷ್ಟು ಹೊತ್ತು ಯಾರೂ ನಿಲ್ಲಲಿಲ್ಲ ಮಾರಾಯ್ತಿ" ಎಂದರು. ಹೇಳುವಾಗ ಕಡ್ಡಿಯಿಂದ ಕಣ್ಣು ಎತ್ತಲಿಲ್ಲ.

ಇಂಥವರು ಮ್ಯೂಸಿಯಂ ಕಟ್ಟಿದ ಕಥೆಯೂ ಹಿಂಬದಿ ನೋಡಿದ್ದರಿಂದಲೇ ಶುರುವಾದದ್ದು. ಅವರ ಹಳೆಯ ವಿದ್ಯಾರ್ಥಿನಿ ಸಂತೋಷ್ ನಜಫ್‌ಗಢ ದಾಟಿ ಹರಿಯಾಣದ ಗಡಿಯೊಳಗಿನ ಒಂದು ಹಳ್ಳಿಗೆ ಸೊಸೆಯಾಗಿ ಹೋಗಿದ್ದಳು. ನಮ್ಮ ಕಡೆ ಸಂತೋಷ್ ಎಂದರೆ ಗಂಡು, ಅಲ್ಲಿ ಹೆಣ್ಣಿಗೂ ಇಡುತ್ತಾರೆ. ಅವಳ ಮಗುವಿನ ಸಮಾರಂಭಕ್ಕೆ ಹೋದ ಟೀಚರ್, ನೀರಿನ ಕೊಡದ ಮೇಲಿದ್ದ ಕ್ರೋಶಾ ಹೊದಿಕೆಯನ್ನು ಎಂದಿನಂತೆ ಮಗುಚಿದರು. ಒಂದು ಗಂಟೂ ಕಾಣಲಿಲ್ಲ. ಯಾವುದು ಮುಂಬದಿ ಯಾವುದು ಹಿಂಬದಿ ಎಂದು ಅವರಿಗೇ ತಿಳಿಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ.

ಹೆಣೆದವಳು ಸಂತೋಷಳ ಅತ್ತೆ. ಆಕೆ ಆ ಹೊತ್ತಿಗೆ ಬೆಳ್ಳಿಯ ಗಂಟೊಂದನ್ನು ಬಿಚ್ಚಿ ಕೂತಿದ್ದಳು. ಹಂಸಲಿ ಎಂಬ ಕೊರಳ ಬಳೆ, ಮಗುವಿನ ತೋಳಿನಷ್ಟು ದಪ್ಪದ ಕಾಲ್ಕಡಗ, ಸೊಂಟದ ಡಾಬು. ಅದೇ ಊರಿನ ಬೇವಿನ ಮರದಡಿ ಕೂತು ಅಕ್ಕಸಾಲಿಗನೊಬ್ಬ ಬಡಿದು ಮಾಡಿದ್ದು. ಅವನ ಕಾಲ ಮುಗಿದು ಕುಲುಮೆ ಆರಿ ಎಷ್ಟೋ ಕಾಲವಾಗಿತ್ತು. ಈಗಿನ ಸೊಸೆಯಂದಿರು ಇದನ್ನು ಎಮ್ಮೆ ಸರಪಳಿ ಎಂದು ನಗುತ್ತಾರೆ, ನಜಫ್‌ಗಢದಲ್ಲಿ ಕರಗಿಸಲು ಮಾರಿ ಬಂಗಾರದ ಓಲೆ ಮಾಡಿಸುತ್ತೇವೆ ಎಂದಳು ಅತ್ತೆ. ಟೀಚರ್ ಹಂಸಲಿಯನ್ನೂ ಮಗುಚಿದರು. ಕೊರಳಿಗೆ ತಾಗುವ, ಯಾರಿಗೂ ಕಾಣದ ಜಾಗದಲ್ಲಿ ಅಕ್ಕಸಾಲಿಗ ಒಂದು ಪುಟ್ಟ ನವಿಲು ಕೆತ್ತಿದ್ದ.

"ಕರಗಿಸಬೇಡಿ, ನಾನು ಇಡ್ತೇನೆ" ಎಂದರು ಟೀಚರ್. ನೀವೇಕೆ ಇಡಬೇಕು, ನಮ್ಮದಲ್ಲವೇ ಎಂದಳು ಅತ್ತೆ. ಆ ಜಟಾಪಟಿಯಿಂದ ಹುಟ್ಟಿದ್ದೇ ಆ ಮ್ಯೂಸಿಯಮ್ಮಿನ ಕಾನೂನು: ಒಡವೆ ಒಡತಿಯದು, ಗಾಜು ಮಾತ್ರ ಮ್ಯೂಸಿಯಮ್ಮಿನದು. ಬೇಕಾದಾಗ ಒಡತಿ ಒಯ್ಯಬಹುದು. ಒಯ್ದರೆ ಆ ಜಾಗದಲ್ಲಿ ಎಲ್ಲಿಗೆ ಹೋಗಿದೆಯೆಂಬ ಚೀಟಿ ಇಡಬೇಕು. ಅದನ್ನು ಟೀಚರೇ ಹಿಂದಿಯಲ್ಲಿ ಬರೆದು ಒಂದು ಕಟ್ಟು ಸಂತೋಷಳ ಬಳಿ ಇಟ್ಟಿದ್ದರು: "ಶಾದೀ ಮೇಂ ಗಯಾ ಹೈ." ಅಂದರೆ, ಮದುವೆಗೆ ಹೋಗಿದೆ.

ಪಂಚಾಯ್ತಿ ಮುಖ್ಯಸ್ಥರಾದ ಸರಪಂಚರನ್ನು ಹಿಡಿದು, ಊರವರು ಕೂಡುವ ಚೌಪಾಲ್ ಕಟ್ಟೆಯ ಪಕ್ಕದ ಗೊಬ್ಬರದ ಕೋಣೆ ಬಿಡಿಸಿಕೊಂಡರು. ಮುಚ್ಚಿಹೋಗಿದ್ದ ಮಿಠಾಯಿ ಅಂಗಡಿಯೊಂದರ ಗಾಜಿನ ಕಪಾಟುಗಳು ಸಿಕ್ಕವು. ಒಂದರ ಮೇಲಿನ "ಶುದ್ಧ ದೇಸಿ ಘೀ" ಎಂಬ ಸ್ಟಿಕ್ಕರು ಎಷ್ಟು ಕೆರೆದರೂ ಹೋಗಲಿಲ್ಲ. ಅದರ ಕೆಳಗೇ ಹಂಸಲಿಗಳು ಕೂತವು. ಲೇಸಿನ ಬೀಸಣಿಗೆ, ಕೊಡದ ಹೊದಿಕೆ, ಒಢನಿ ಎಂಬ ತಲೆಮುಸುಕಿನ ಅಂಚು, ಅಕ್ಕಸಾಲಿಗನ ಅಡಿಗಲ್ಲು, ಊದುಗೊಳವೆ ಎಲ್ಲ ಬಂದವು. ಪ್ರತಿಯೊಂದರ ಮುಂದೂ ಒಂದು ಹೆಸರಿನ ಚೀಟಿ. ಆ ಊರಿನಲ್ಲಿ ಸೊಸೆಯನ್ನು ಹೆಸರಿಟ್ಟು ಕರೆಯುವ ರೂಢಿಯಿಲ್ಲ. ತವರಿನ ಹೆಸರಿನಿಂದ ಝಜ್ಜರ್‌ವಾಲಿ, ಬಾದಲಿವಾಲಿ ಎನ್ನುತ್ತಾರೆ, ಇಲ್ಲವೇ ಇಂಥವನ ತಾಯಿ. ಟೀಚರ್ ಮೂವತ್ತು ಚಿಲ್ಲರೆ ವರ್ಷ ಹಾಜರಿ ಕೂಗಿದವರು. ಝಜ್ಜರ್‌ವಾಲಿ ಎಂದು ಹಾಜರಿ ಹಾಕಲಾಗುತ್ತದೆಯೇ? ಒಬ್ಬೊಬ್ಬರ ಬಳಿ ಕೂತು, "ನಿಮ್ಮ ಹೆಸರೆಂತ?" ಎಂದು ಕೇಳಿ ಬರೆದರು. ಕೆಲವು ಮುದುಕಿಯರು ನಾಚಿ ಮುಸುಕಿನೊಳಗೇ ನಕ್ಕರಂತೆ. ಒಬ್ಬಳು ತುಂಬ ಹೊತ್ತು ಯೋಚಿಸಿ ಹೇಳಿದಳಂತೆ.

ಆಮೇಲೆ ಆದದ್ದು ಯಾರೂ ಎಣಿಸದ ಕೆಲಸ. ಮನೆಯಲ್ಲಿ ಎಮ್ಮೆ ಸರಪಳಿಯಾಗಿದ್ದದ್ದು ಗಾಜಿನೊಳಗೆ ಹೋದದ್ದೇ ತಡ, ಅದಕ್ಕೆ ಎಲ್ಲಿಲ್ಲದ ಗತ್ತು ಬಂತು. ಮದುಮಗಳಿಗೆ ಈಗ "ಮ್ಯೂಸಿಯಂವಾಲಿ ಹಂಸಲಿ"ಯೇ ಬೇಕು. ಲಗ್ನದ ಕಾಲ ಬಂತೆಂದರೆ ಕಪಾಟುಗಳು ಒಂದೊಂದಾಗಿ ಖಾಲಿ. ಮ್ಯೂಸಿಯಂ ಗೆದ್ದಿತ್ತು, ಆದ್ದರಿಂದ ಅದರಲ್ಲಿ ನೋಡಲು ಏನೂ ಇರುತ್ತಿರಲಿಲ್ಲ.

ಸರಪಂಚರಿಗೆ ಈ ಗೆಲುವು ಕಾಣಲಿಲ್ಲ. ಅವರ ಅಣ್ಣನ ಮಗ, ಅವರ ಮಾತಿನಲ್ಲಿ ಭತೀಜ, ಆಗಷ್ಟೇ ಪ್ರಾಪರ್ಟಿ ಡೀಲರ್ ಆಗಿದ್ದ. ಆ ದಿನಗಳಲ್ಲಿ ಅಲ್ಲೆಲ್ಲ ಹೊಲ ಮಾರಿದವರು, ಮಾರಿಸಿದವರು, ಮಾರುವವರನ್ನು ಹುಡುಕಿ ಕೊಡುವವರು ಇಷ್ಟೇ ಜನ. ಅವನಿಗೆ ರಸ್ತೆಗೆ ತಾಗಿದ ಆ ಕೋಣೆ ಆಫೀಸಿಗೆ ಬೇಕಿತ್ತು. ಸರಪಂಚರು ಟೀಚರನ್ನು ಕೂರಿಸಿ ಹೇಳಿದರು: "ಮೇಡಂ ಜೀ, ನಿಮ್ಮ ಮ್ಯೂಸಿಯಂ ನೋಡೋಕೆ ಯಾರು ಬರ್ತಾರೆ? ದಿಲ್ಲಿಯಿಂದ ಒಂದು ಬಸ್ಸು ಜನ ಬಂದು ನೋಡಿ ಹೋಗಲಿ, ಕೋಣೆ ನಿಮ್ಮದು. ಇಲ್ಲಾಂದ್ರೆ ಈ ಚಳಿಗಾಲಕ್ಕೆ ಭತೀಜನಿಗೆ ಕೊಡ್ತೀನಿ."

ಅಂದು ಮನೆಗೆ ಬಂದ ಟೀಚರ್ ಹೆಣೆದದ್ದನ್ನೆಲ್ಲ ಬಿಚ್ಚಿದರು. ಮತ್ತೆ ಹೆಣೆದರು, ಮತ್ತೆ ಬಿಚ್ಚಿದರು. "ಕೋಣೆ ಹೋದರೆ ಎಲ್ಲ ವಾಪಸ್ಸು ಮನೆಗೆ ಹೋಗ್ತದೆ, ಮನೆಯಿಂದ ನಜಫ್‌ಗಢಕ್ಕೆ ಹೋಗ್ತದೆ, ಅಲ್ಲಿಂದ ಬೆಂಕಿಗೆ" ಎಂದರು. ನನಗೆ ತಡೆಯಲಾಗಲಿಲ್ಲ. ಬಸ್ಸು ತುಂಬಿಸುವುದು ನನ್ನ ಜವಾಬ್ದಾರಿ ಎಂದುಬಿಟ್ಟೆ.

ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳನ್ನು ಹಿಡಿದೆ. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅರ್ಧ ಆಯುಷ್ಯ ಕಳೆದು ನಿವೃತ್ತರಾಗಿ ದ್ವಾರಕೆಗೆ ಬಂದ ರಾಯರು. ಯಾವುದನ್ನೂ ಪಂಚಾಂಗ ನೋಡದೆ ಮಾಡುವವರಲ್ಲ. ಎರಡು ದಿನ ಯೋಚಿಸಿ ಕಾರ್ತಿಕದ ಒಂದು ಭಾನುವಾರ ಗೊತ್ತುಮಾಡಿದರು. "ಏಕಾದಶಿ. ಉಪವಾಸದ ದಿನ ಯಾರೂ ಶುಭಕಾರ್ಯ ಇಟ್ಟುಕೊಳ್ಳೋದಿಲ್ಲ. ರಸ್ತೆ ಖಾಲಿ, ಬಸ್ಸು ಸುಲಭ, ಹಳ್ಳಿಯವರಿಗೂ ಪುರುಸೊತ್ತು" ಎಂದರು. ನಮಗೆಲ್ಲ ಅದು ಸರಿಯೆನಿಸಿತು. ಟೀಚರಿಗಂತೂ ಏಕಾದಶಿಯೂ ದ್ವಾದಶಿಯೂ ಒಂದೇ. ಹಳ್ಳಿಗೆ ಮೊದಲೇ ಫೋನು ಮಾಡಿ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಇಲ್ಲಿಯವರಿಗೆ ಆ ಏಕಾದಶಿ ಎಂದರೆ ದೇವರು ನಿದ್ದೆಯಿಂದ ಏಳುವ ದಿನ. ನಾಲ್ಕು ತಿಂಗಳಿಂದ ನಿಂತಿದ್ದ ಮದುವೆಗಳೆಲ್ಲ ಅಂದೇ ಶುರು. ಮುಹೂರ್ತ ಕೂಡ ಕೇಳಬೇಕಾಗಿಲ್ಲದ ದಿನವದು. ಇಡೀ ಉತ್ತರ ಭಾರತವೇ ಕುದುರೆ ಹತ್ತುವ ದಿನವನ್ನು ನಮ್ಮ ರಾಯರು ಯಾರೂ ಮನೆಬಿಟ್ಟು ಹೊರಡದ ದಿನವೆಂದು ಆರಿಸಿದ್ದರು.

ಬಸ್ಸು ಸಿಗುವುದೇ ಕಷ್ಟವಾದಾಗಲಾದರೂ ತಿಳಿಯಬೇಕಿತ್ತು. ಕೊನೆಗೆ ಬಂದ ಬಸ್ಸಿನ ಮುಂದೆ ಚೆಂಡುಹೂವಿನ ಹಾರಗಳು, ಹಿಂದೆ "ಸೋನು ವೆಡ್ಸ್ ಪಿಂಕಿ" ಎಂಬ ಥರ್ಮೋಕೋಲು. ರಾತ್ರಿ ಇನ್ನೊಂದು ದಿಬ್ಬಣ ಇದೆ, ತೆಗೆಯುವ ಹಾಗಿಲ್ಲ ಎಂದ ಡ್ರೈವರ್. ಸೋನು ಪಿಂಕಿಯರನ್ನು ಹೊತ್ತುಕೊಂಡೇ ಸಂಘ ಹೊರಟಿತು. ಟೀಚರ್ ಮುಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ಹೇಳಬೇಕಾದದ್ದನ್ನು ಬಾಯಿಯೊಳಗೇ ಅಭ್ಯಾಸ ಮಾಡುತ್ತಾ ಕೂತಿದ್ದರು.

ಊರ ಬಾಗಿಲಿನಲ್ಲಿ ಬಸ್ಸು ನಿಂತದ್ದೇ ಢೋಲು ಶುರುವಾಯಿತು. ಹೆಂಗಸರು ಹಾಡುತ್ತಾ ಬಂದರು. ಸರಪಂಚರು ಕೆಂಪು ಪೇಟ ಸುತ್ತಿ ಬಂದು, ಮೊದಲು ಇಳಿದ ರಾಯರ ಕೊರಳಿಗೆ ಹಾರ ಹಾಕಿ ತಬ್ಬಿಕೊಂಡರು. ರಾಯರು ಹಿಂತಿರುಗಿ ನಮಗೆ, "ನೋಡಿ, ಕನ್ನಡಿಗರ ಬಗ್ಗೆ ಎಷ್ಟು ಗೌರವ" ಎಂದರು. ಆಮೇಲೆ ಟೀಚರ್ ಇಳಿದರು. ಸರಪಂಚರ ಮುಖ ನೋಡಬೇಕಿತ್ತು. ಅವರು ಕಾಯುತ್ತಿದ್ದದ್ದು ಮದುಮಗಳ ಸೋದರಮಾವಂದಿರ ಬಸ್ಸನ್ನು. ಮಾವಂದಿರು ಸೀರೆ ಒಡವೆ ತಂದು ತಂಗಿಯ ಬಾಗಿಲಿನಲ್ಲಿ ಅವಳಿಗೆ ಒಢನಿ ಹೊದಿಸುವ ಭಾತ್ ಎಂಬ ಶಾಸ್ತ್ರ ಅಂದು. ಭತೀಜ ಬಂದು ರಾಯರ ಕೊರಳಿನ ಹಾರವನ್ನು ಮರ್ಯಾದೆಯಿಂದಲೇ ವಾಪಸ್ಸು ತೆಗೆದುಕೊಂಡ. ಒಂದೇ ಹಾರ ಇತ್ತಂತೆ.

"ಚಲೋ, ಬಂದಿದ್ದೀರಲ್ಲ, ಮ್ಯೂಸಿಯಂ ನೋಡೇ ಬಿಡೋಣ" ಎಂದರು ಸರಪಂಚರು. ಭತೀಜನೂ ಹಿಂದೆಯೇ ಬಂದ. ಕೋಣೆಯ ಹೊರಗೆ ಅವನ ಪ್ರಾಪರ್ಟೀಸ್ ಬೋರ್ಡು ಬಣ್ಣ ಒಣಗುತ್ತಾ ಗೋಡೆಗೆ ಒರಗಿತ್ತು. ಸಂತೋಷ್ ಬೀಗ ತೆಗೆದಳು, ಆದರೆ ತಲೆ ಎತ್ತಲಿಲ್ಲ. ಒಳಗೆ ಹೋದೆವು. ಮೊದಲ ಕಪಾಟಿನಲ್ಲಿ "ಶಾದೀ ಮೇಂ ಗಯಾ ಹೈ." ಎರಡನೆಯದರಲ್ಲೂ ಅದೇ. ಶುದ್ಧ ದೇಸಿ ಘೀ ಕೆಳಗೆ ಸಾಲಾಗಿ ಶಾದೀ ಮೇಂ ಗಯಾ ಹೈ, ಶಾದೀ ಮೇಂ ಗಯಾ ಹೈ. ಬೀಸಣಿಗೆಗಳೂ ಹೋಗಿದ್ದವು. ಮದುವೆಗೆ ಯಾರೂ ಕರೆಯದ ಅಡಿಗಲ್ಲು ಒಂದು ಉಳಿದಿತ್ತು. ಸಂಘದ ಸದಸ್ಯರು ಅದನ್ನೇ ಸುತ್ತುವರಿದು ಭಕ್ತಿಯಿಂದ ನೋಡಿದರು. ಒಬ್ಬರ ಮಗಳು, "ಮಮ್ಮಿ, ದೇರ್ ಈಸ್ ನಥಿಂಗ್, ಘರ್ ಚಲೇಂ?" ಎಂದಳು.

ಭತೀಜ ಜೇಬಿನಿಂದ ಟೇಪು ತೆಗೆದು ಗೋಡೆ ಅಳೆಯತೊಡಗಿದ.

ನಾನು ಬಾಗಿಲ ಕಡೆ ಸರಿದೆ. ಟೀಚರ್ ಮಾತ್ರ ಖಾಲಿ ಕಪಾಟುಗಳನ್ನು ಒಂದೊಂದಾಗಿ ನೋಡಿ, "ಮದುವೆ ಯಾರ ಮನೇದು?" ಎಂದು ಸಂತೋಷಳನ್ನು ಕೇಳಿದರು. ಅವಳು ನೆಲ ನೋಡುತ್ತಾ, "ಸರಪಂಚ್‌ಜೀಯವರ ಮನೇದೇ, ಮ್ಯಾಮ್. ಇವರ ತಂಗಿಯದು" ಎಂದು ಟೇಪು ಹಿಡಿದವನ ಕಡೆ ಕೈ ತೋರಿಸಿದಳು. ಟೇಪು ಸರಕ್ಕನೆ ಒಳಗೆ ಸೇರಿಕೊಂಡಿತು.

ಟೀಚರ್ ಒಡತಿಯರ ಹೆಸರಿನ ಚೀಟಿಗಳನ್ನು ಕಪಾಟುಗಳಿಂದ ಎತ್ತಿಕೊಂಡರು. "ಬನ್ನಿ ಎಲ್ಲರೂ, ಲೈನಿನಲ್ಲಿ ಬನ್ನಿ. ಮ್ಯೂಸಿಯಂ ಆ ಮನೆಯಲ್ಲಿ ಉಂಟು" ಎಂದು ಹೊರಟರು. ನಿವೃತ್ತ ಅಧಿಕಾರಿಗಳೂ ಅವರ ಹೆಂಡತಿಯರೂ ಮೂರನೇ ಕ್ಲಾಸಿನ ಮಕ್ಕಳ ಹಾಗೆ ಹಿಂದೆ ನಡೆದರು.

ಮದುವೆ ಮನೆಯ ಅಂಗಳದಲ್ಲಿ ಹೆಂಗಸರೆಲ್ಲ ಮಾವಂದಿರಿಗಾಗಿ ಕಾದು ಕೂತಿದ್ದರು. ಮ್ಯೂಸಿಯಂ ಅಲ್ಲಿ ಮೈತುಂಬ ಹರಡಿ ಕೂತಿತ್ತು. ಗಂಡಸರನ್ನು ಜಗುಲಿಯಲ್ಲಿ ನಿಲ್ಲಿಸಿ ಟೀಚರ್ ಅಂಗಳಕ್ಕಿಳಿದರು. ಮೊದಲು ಸಿಕ್ಕವಳ ಕಾಲನ್ನೇ ಎತ್ತಿ ಹಿಡಿದು, "ಇದು ಕಡಗ. ಒಳಗೆ ಟೊಳ್ಳು, ಹರಳು ತುಂಬಿದ್ದಾರೆ, ಕೇಳಿ" ಎಂದು ಅಲ್ಲಾಡಿಸಿದರು. ಕಾಲಿನ ಒಡತಿ ಪಕ್ಕದವಳ ಹೆಗಲು ಹಿಡಿದು ಒಂಟಿಕಾಲಿನಲ್ಲಿ ನಗುತ್ತಾ ನಿಂತಳು. ಟೀಚರ್ ಚೀಟಿ ಓದಿದರು: "ಇದು ಶಾಂತಿಯದು." ಮುಸುಕುಗಳ ನಡುವೆ ಒಂದು ಗುಜುಗುಜು ಎದ್ದಿತು. ಇನ್ನೊಬ್ಬಳು ತಾನಾಗಿಯೇ ಕಾಲು ಚಾಚಿದಳು. ಆಮೇಲೆ ತಡೆಯಿಲ್ಲ. ನನ್ನದೂ ಓದಿ, ನನ್ನದೂ ಓದಿ ಎಂದು ಕೊರಳು, ಸೊಂಟ, ಬೀಸಣಿಗೆಗಳು ಮುಂದೆ ಬಂದವು. ಟೀಚರ್ ಹಾಜರಿ ಕೂಗುವ ದನಿಯಲ್ಲಿ ಕೂಗುತ್ತಾ ಹೋದರು. ನಾನು ಕನ್ನಡದಲ್ಲಿ ಹೇಳುತ್ತಾ ಹಿಂದೆ ಓಡಿದೆ. ಜಗುಲಿಯ ಮೇಲೆ ಏಕಾದಶಿಯೆಂದು ಲಡ್ಡು ಬೇಡವೆಂದ ತಪ್ಪಿಗೆ ರಾಯರ ಕೈಗೆ ಎಮ್ಮೆ ಹಾಲಿನ ದೊಡ್ಡ ಲೋಟ ಬಂದಿತ್ತು. ಅದು ಮುಗಿದಾಗೆಲ್ಲ ಯಾರೋ ತುಂಬುತ್ತಿದ್ದರು.

ಕಡೆಗೆ ಮಂಚದ ಮೇಲಿದ್ದ ಮುದುಕಿಯೊಬ್ಬಳು ಹುಕ್ಕಾ ಪಕ್ಕಕ್ಕಿಟ್ಟು, "ನನ್ನದು ಎಲ್ಲಿ?" ಎಂದಳು. ಸರಪಂಚರ ತಾಯಿ. ಊರೆಲ್ಲ ಹೆದರುವ ಹೆಂಗಸು. ಅವಳ ಹಂಸಲಿ ಅಂದು ಮದುಮಗಳ ಕೊರಳಲ್ಲಿತ್ತು. ಟೀಚರ್ ಚೀಟಿ ಹುಡುಕಿ ಗಟ್ಟಿಯಾಗಿ ಓದಿದರು: "ಹಂಸಲಿ. ಇದು ಮಿಶ್ರೀಯದು." ಕಲ್ಲುಸಕ್ಕರೆ ಎಂಬ ಆ ಹೆಸರು ಅಲ್ಲಿದ್ದ ಮೊಮ್ಮಕ್ಕಳಾರಿಗೂ ಗೊತ್ತಿರಲಿಲ್ಲ. ಭತೀಜ ಬಾಯಿ ತೆರೆದು ನಿಂತಿದ್ದ.

ಮುದುಕಿ ಜಗುಲಿಯ ಕಡೆ ತಿರುಗಿ ಮಗನನ್ನು ಕರೆದಳು. "ಈ ಊರಿಗೆ ಬಂದ ಮೇಲೆ ನನ್ನ ಹೆಸರು ಬರೆದಿರೋದು ಎರಡೇ ಕಡೆ. ಒಂದು ವೋಟಿನ ಕಾರ್ಡು, ಅದು ನಿನ್ನ ಪೆಟ್ಟಿಗೇಲಿ ಇರುತ್ತೆ, ವೋಟಿನ ದಿನ ಮಾತ್ರ ಕೊಡ್ತೀಯ. ಇನ್ನೊಂದು ಮೇಡಂ ಕೋಣೇಲಿದೆ. ಅದಕ್ಕೆ ಬೀಗ ಹಾಕ್ತೀಯಾ?"

ಸರಪಂಚರು ಪೇಟ ಸರಿಮಾಡಿಕೊಂಡರು. "ಯಾರು ಬೀಗ ಹಾಕ್ತಾರೆ, ಮಾ? ಬಸ್ಸು ತುಂಬ ಜನ ಬಂದಿದ್ದಾರೆ, ನೋಡಿದ್ದಾರೆ. ಮಾತು ಅಂದ್ರೆ ಮಾತು" ಎಂದರು. ಅಷ್ಟರಲ್ಲಿ ನಿಜವಾದ ಮಾವಂದಿರ ಬಸ್ಸು ಬಂತು. ಭತೀಜ ಹಾರ ಹಿಡಿದು ಓಡಿದ.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ದಿಬ್ಬಣ. ನಜಫ್‌ಗಢ ದಾಟುವುದೇ ಸಾಹಸವಾಯಿತು. ರಾಯರು ಹಾಲಿನ ಭಾರಕ್ಕೆ ಕಣ್ಣು ಮುಚ್ಚಿ ಕೂತಿದ್ದರು. ಎಲ್ಲರೂ ಟೀಚರನ್ನು ಹೊಗಳುತ್ತಿದ್ದರು. ಅವರು ಕಿಟಕಿಯಾಚೆ ನೋಡುತ್ತಾ ನನಗೊಬ್ಬಳಿಗೇ ಕೇಳುವಂತೆ, "ಎಲ್ಲ ಒಳ್ಳೇದಾಯ್ತು. ಆದರೆ ಒಂದು ಸರ್ತಿ ಎಲ್ಲ ಕಪಾಟೂ ತುಂಬಿದ್ದು ನೋಡಬೇಕು ಅಂತ ಆಸೆ ಮಾರಾಯ್ತಿ. ಯಾವಾಗ ಹೋದರೂ ಒಂದಲ್ಲ ಒಂದು ಎಲ್ಲಿಗೋ ಹೋಗಿರ್ತದೆ" ಎಂದರು.

ಆ ಆಸೆ ಈಡೇರಲಿಲ್ಲ. ಮದುವೆ ಇಲ್ಲದ ತಿಂಗಳಲ್ಲಿ ತವರಿನ ಹಬ್ಬ, ಹಬ್ಬ ಇಲ್ಲದಾಗ ಫೋಟೋ ಸ್ಟುಡಿಯೋ. ಒಮ್ಮೆ ಅವರು ಮುನ್ನಾದಿನವೇ ಫೋನು ಮಾಡಿ ಹೋದರು, ಆದರೂ ಒಂದು ಡಾಬು ಬಹಾದೂರ್‌ಗಢದಲ್ಲಿತ್ತು. ನಾನು ಮದುವೆಯಾಗಿ ನೋಯ್ಡಾಕ್ಕೆ ಬಂದ ಮೇಲೂ ಫೋನಿನಲ್ಲಿ ಇದೇ ವರದಿ.

ಅವರನ್ನು ಮಣ್ಣು ಮಾಡಿದ ಮರುವಾರದ ಭಾನುವಾರ ಆ ಹಳ್ಳಿಗೆ ಹೋದೆ. ಮತ್ತೆ ಮದುವೆಗಳ ಕಾಲ. ಊರೊಳಗೇ ಎರಡು ಚಪ್ಪರ ಎದ್ದಿದ್ದವು. ಪಕ್ಕದ ಜಾಗದಲ್ಲಿ ಆಫೀಸು ತೆರೆದಿರುವ ಭತೀಜ ಎದ್ದು ಬಂದು ಬೀಗ ತೆಗೆದ. ಪ್ಲಾಟು ನೋಡಲು ಬಂದವರಿಗೆ ಅವನೀಗ, ನಮ್ಮೂರಲ್ಲಿ ಮ್ಯೂಸಿಯಂ ಇದೆ, ರೇಟು ಏರುತ್ತೆ ಎನ್ನುತ್ತಾನಂತೆ. "ನೋಡಿ ದೀದೀ, ಫುಲ್ ಹೈ" ಎಂದ.

ಎಲ್ಲವೂ ಇದ್ದವು. ಹಂಸಲಿ, ಕಡಗ, ಡಾಬು, ಲೇಸಿನ ಬೀಸಣಿಗೆ, ಕೊಡದ ಹೊದಿಕೆ. ಒಂದು ಜಾಗವೂ ಖಾಲಿಯಿಲ್ಲ. ಮದುವೆಗಳಿವೆಯಲ್ಲ ಎಂದೆ. ಬಾಗಿಲಲ್ಲಿ ಕೋಲೂರಿ ನಿಂತಿದ್ದ ಮಿಶ್ರೀ ಹೇಳಿದಳು: "ಮನೆಯವರು ಹೋದರೆ ಹದಿಮೂರು ದಿನ ಒಡವೆ ಹಾಕ್ತಾರಾ? ತೇರಹವೀಂ ಮುಗಿಯೋವರೆಗೆ ಇಲ್ಲಿಂದ ಒಂದೂ ಆಚೆ ಹೋಗಲ್ಲ. ಆ ಹುಡುಗೀರು ಖಾಲಿ ಕೊರಳಲ್ಲೇ ಮದುವೆ ಆಗ್ತಾರೆ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಮುದುಕಿ ನನ್ನ ಬೆನ್ನಿಗೆ ಕೈಯಿಟ್ಟು ಕಪಾಟಿನ ಕಡೆ ತಳ್ಳಿದಳು. "ಅಳೋದು ಆಮೇಲೆ. ಚೆನ್ನಾಗಿ ನೋಡಿಕೋ, ಅವಳ ಪಾಲಿಂದೂ ನೀನೇ ನೋಡು. ಬುಧವಾರ ಎಲ್ಲ ಮತ್ತೆ ಮದುವೆಗೆ ಹೋಗುತ್ತೆ."